ಎಂಜಿನ್ನಿನ ಬಿಸಿ ತೋರಿಸುವ ಮೀಟರು

"ಬುದ್ಧಿ, ಹೊಟ್ಟೆಕಿಚ್ಚು ಯಾವಾಗಲೂ ಕೆಟ್ಟದ್ದೇ ಆಗಿರಬೇಕೆ?" ಎಂದು ಮರುಳಸಿದ್ಧ ಕೇಳಿದ.

ಮಠದ ಪಾಠಶಾಲೆಯ ಶಿಷ್ಯರಲ್ಲಿ ಅವನು ಚುರುಕಾದವನು. ಗುರುಗಳು ಪಾಠ ಮುಗಿಸಿ ಏಳುವುದರಲ್ಲಿದ್ದರು. ಪ್ರಶ್ನೆ ಕೇಳಿ ಮತ್ತೆ ಕೂತರು.

"ಯಾರ ಮೇಲೆ?" ಎಂದರು.

"ರೇಣುಕಯ್ಯನ ಮೇಲೆ. ಇಬ್ಬರೂ ಒಟ್ಟಿಗೆ ಮಠಕ್ಕೆ ಬಂದವರು. ಈಗ ಭಕ್ತರೆಲ್ಲ ಅವನ ಪ್ರವಚನವನ್ನೇ ಕೇಳುತ್ತಾರೆ. ಯಾರಾದರೂ ಅವನನ್ನು ಹೊಗಳಿದರೆ ಆ ಹೊತ್ತಿನ ಪ್ರಸಾದ ನನಗೆ ಸೇರುವುದಿಲ್ಲ. ಆದರೆ ಆ ಸಂಕಟದಿಂದಲೇ ನಾನು ಮೊದಲಿಗಿಂತ ಹೆಚ್ಚು ಓದುತ್ತಿದ್ದೇನೆ. ಅವನು ಓದಿದ ಗ್ರಂಥಗಳನ್ನೆಲ್ಲ ಓದಿದೆ. ಅವನು ಓದದವನ್ನೂ ಓದಿದೆ. ಪ್ರವಚನದಲ್ಲಿ ಅವನು ಎಲ್ಲಿ ತಪ್ಪುತ್ತಾನೆ ಎಂದೂ ಈಗ ನನಗೆ ಗೊತ್ತಾಗುತ್ತದೆ. ನನ್ನನ್ನು ಇಷ್ಟು ಬೆಳೆಸಿದ್ದನ್ನು ಕೆಟ್ಟದ್ದು ಎಂದು ಹೇಗೆ ಹೇಳಲಿ?"

ಗುರುಗಳು ಅದಕ್ಕೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಇಬ್ಬರು ಗೆಳೆಯರಿದ್ದರು. ಒಬ್ಬ ಟಿವಿ, ರೇಡಿಯೋ ರಿಪೇರಿ ಮಾಡುವವನು. ಇನ್ನೊಬ್ಬ ಮೋಟಾರ್ ಬೈಕಿನ ಮೆಕ್ಯಾನಿಕ್. ಒಂದೇ ಬೀದಿಯಲ್ಲಿ ಆಡಿ ಬೆಳೆದವರು. ಅಂಗಡಿಗಳೂ ಎದುರುಬದುರು. ಸಂಜೆಯ ಚಹಾ ಒಬ್ಬ ತರಿಸಿದರೆ ಇಬ್ಬರಿಗೂ ಬರುತ್ತಿತ್ತು.

ಮೆಕ್ಯಾನಿಕ್‌ನ ಬಳಿ ಒಂದು ಹಳೆಯ ಬೈಕ್ ಇತ್ತು. ಎಂಜಿನ್ ಚೆನ್ನಾಗಿತ್ತು, ಮೀಟರುಗಳು ಸತ್ತಿದ್ದವು. ಆ ಮಾದರಿಯ ಮೀಟರು ಎಲ್ಲೂ ಸಿಗುತ್ತಿರಲಿಲ್ಲ. ಅವನು ತಾನೇ ಮಾಡುತ್ತೇನೆ ಎಂದು ಕೂತ. ಅವನಿಗೆ ಬೆಸುಗೆ ಹಾಕಲೂ ಸರಿಯಾಗಿ ಬರುತ್ತಿರಲಿಲ್ಲ. ಎದುರಿನ ಅಂಗಡಿಗೆ ಹೋಗಿ ರಿಪೇರಿಯವನಿಂದಲೇ ಕಲಿತ. ರಿಪೇರಿಯವನು ನಗುತ್ತಾ ಹೇಳಿಕೊಟ್ಟ. ಇದು ಇವನ ಕೈಲಿ ಆಗುವ ಕೆಲಸವಲ್ಲ ಎಂದು ಅವನಿಗೆ ಖಾತ್ರಿಯಿತ್ತು.

ಆದರೆ ಆಯಿತು. ಚಕ್ರಕ್ಕೆ ಒಂದು ಅಯಸ್ಕಾಂತ ಅಂಟಿಸಿ, ಅದು ಸುತ್ತಿದ್ದನ್ನು ಲೆಕ್ಕ ಹಿಡಿದು ವೇಗ ತೋರಿಸುವ ಮೀಟರು ಮಾಡಿದ. ಟ್ಯಾಂಕಿನಲ್ಲಿ ಪೆಟ್ರೋಲು ಎಷ್ಟಿದೆ ಎಂದು ತೋರಿಸುವುದನ್ನು ಮಾಡಿದ. ಎಂಜಿನ್ನಿಗೆ ಸಣ್ಣದೊಂದು ಸೆನ್ಸರ್ ಕೂರಿಸಿ ಅದರ ಬಿಸಿ ತೋರಿಸುವುದನ್ನೂ ಮಾಡಿದ. ಎಲ್ಲವನ್ನೂ ಸ್ಟೀಲಿನ ಊಟದ ಡಬ್ಬಿಯೊಂದರ ಒಳಗೆ ಜೋಡಿಸಿ ಹ್ಯಾಂಡಲ್ ನಡುವೆ ಕೂರಿಸಿದ. ಕೀಲಿ ತಿರುಗಿಸಿದರೆ ಕೆಂಪು ಅಂಕಿಗಳು ಬೆಳಗುತ್ತಿದ್ದವು.

ಚಹಾದಂಗಡಿಯ ಮುಂದೆ ಬೈಕ್ ನಿಲ್ಲಿಸಿದ ದಿನ ಜನ ಸೇರಿದರು. ಬಸ್ಸಿಗೆ ಕಾಯುತ್ತಿದ್ದವರೂ ಬಂದು ಬಗ್ಗಿ ನೋಡಿದರು. ಮೆಕ್ಯಾನಿಕ್ ಎಲ್ಲರಿಗೂ ರಿಪೇರಿಯವನನ್ನು ತೋರಿಸಿ, "ಬೆಸುಗೆ ಹಾಕೋದು ಹೇಳಿಕೊಟ್ಟವನು ಇವನೇ" ಎಂದ.

ಆಗ ಯಾರೋ ಒಬ್ಬರು ರಿಪೇರಿಯವನನ್ನು ಕೇಳಿದರು. "ನಿಮಗೂ ಇಂಥದ್ದು ಮಾಡೋಕೆ ಬರುತ್ತಾ?"

ಕೇಳಿದವರಲ್ಲಿ ಕುಹಕ ಇರಲಿಲ್ಲ. ಆದರೆ ರಿಪೇರಿಯವನು ಕುಡಿಯುತ್ತಿದ್ದ ಚಹಾವನ್ನು ಅರ್ಧಕ್ಕೇ ಕೆಳಗಿಟ್ಟ. ವೈರು, ಸರ್ಕ್ಯೂಟು ಅವನ ವೃತ್ತಿ. ಅದರಲ್ಲಿಯೇ ಅವನ ತಲೆ ನರೆತಿತ್ತು. ಸ್ಪಾನರ್ ಹಿಡಿಯುವವನೊಬ್ಬ ಅವನ ಕೆಲಸ ಮಾಡಿ ಹೆಸರು ತೆಗೆದುಕೊಂಡಿದ್ದ. "ಬಹಳ ಚೆನ್ನಾಗಿದೆ" ಎಂದು ಗೆಳೆಯನ ಬೆನ್ನು ತಟ್ಟಿ ಅಂಗಡಿಗೆ ಹೋಗಿ ಕೂತ.

ಆಮೇಲೆ ಅವನ ಕಿವಿ ಆ ಬೈಕಿನ ಸದ್ದಿನ ಮೇಲೆಯೇ ಇರುತ್ತಿತ್ತು. ಬೈಕ್ ಹೊರಟರೆ ಕೈಯ ಕೆಲಸ ನಿಲ್ಲುತ್ತಿತ್ತು. ಅದರ ಮೀಟರು ಇವತ್ತು ಕೆಡಲಿ ಎಂದು ಮನಸ್ಸಿನಲ್ಲೇ ಬಯಸುತ್ತಿದ್ದ. ಒಮ್ಮೆ ಜೋರು ಮಳೆ ಬಂತು. ಡಬ್ಬಿಯ ಒಳಗೆ ನೀರು ಹೋಗಿರುತ್ತದೆ ಎಂದು ಅವನಿಗೆ ಒಳಗೊಳಗೇ ಹಿಗ್ಗಾಯಿತು. ಮಳೆ ನಿಂತ ಮೇಲೆ ಮೆಕ್ಯಾನಿಕ್ ಬೈಕ್ ಹೊರಗೆ ತಂದ. ಅಂಕಿಗಳು ಮೊದಲಿನಂತೆಯೇ ಬೆಳಗಿದವು. ಅಂದು ರಿಪೇರಿಯವನು ಮನೆಗೆ ಹೋಗಿ, ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಹೆಂಡತಿಯ ಮೇಲೆ ರೇಗಿದ. ಉಪ್ಪು ಸರಿಯಾಗಿಯೇ ಇತ್ತು.

ಕೊನೆಗೆ ಅವನೂ ಕೂತ. ಗೆಳೆಯನ ಮೀಟರನ್ನು ಎಲ್ಲರೂ ಮರೆತೇಬಿಡುವಂಥದ್ದನ್ನು ಮಾಡಬೇಕು ಎಂದುಕೊಂಡ. ಕಲಿಯುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಈಗ ಹೊಸ ಪುಸ್ತಕ ತರಿಸಿ ಓದಿದ. ಹೊಸ ಸಾಮಾನು ತರಿಸಿ ಜೋಡಿಸಿದ, ಬಿಚ್ಚಿದ, ಮತ್ತೆ ಜೋಡಿಸಿದ. ಗಿರಾಕಿಗಳ ಟಿವಿಗಳು ಮೂಲೆಯಲ್ಲಿ ಧೂಳು ತಿಂದವು. ಅವನ ಕೈ ನಿಜವಾಗಿಯೂ ಪಳಗಿತು. ಅವನ ಬದುಕಿನಲ್ಲಿ ಅಷ್ಟು ಒಳ್ಳೆಯ ಕೆಲಸವನ್ನು ಅವನು ಹಿಂದೆಂದೂ ಮಾಡಿರಲಿಲ್ಲ.

ಇಲ್ಲಿ ಮರುಳಸಿದ್ಧ ತಲೆದೂಗಿದ. ಗುರುಗಳು ಅದನ್ನು ನೋಡಿದರು, ಕತೆ ಮುಂದುವರಿಸಿದರು.

ತನ್ನ ಬೈಕಿನ ಎಂಜಿನ್ನಿನ ಬಿಸಿ ಅಳೆಯುವಾಗ ರಿಪೇರಿಯವನಿಗೆ ಒಂದು ವಿಷಯ ಗೊತ್ತಾಯಿತು. ಸೆನ್ಸರನ್ನು ಎಂಜಿನ್ನಿನ ಹೊರ ಅಂಚಿಗೆ ಕೂರಿಸಿದರೆ ಓಡುವಾಗ ಗಾಳಿ ಬಡಿದು ಅದು ತಣ್ಣಗಾಗುತ್ತಿತ್ತು. ಒಳಗೆ ಎಂಜಿನ್ ಕುದಿಯುತ್ತಿದ್ದರೂ ಮೀಟರು ಕಡಿಮೆ ತೋರಿಸುತ್ತಿತ್ತು. ಸ್ಪಾರ್ಕ್ ಪ್ಲಗ್ಗಿನ ಬುಡದಲ್ಲಿ ಕೂರಿಸಿದರೆ ಮಾತ್ರ ನಿಜವಾದ ಬಿಸಿ ಕಾಣುತ್ತಿತ್ತು. ಮೆಕ್ಯಾನಿಕ್ ತನ್ನ ಸೆನ್ಸರನ್ನು ಹೊರ ಅಂಚಿಗೇ ಕೂರಿಸಿದ್ದ. ಅವನ ಮೀಟರು ಮೊದಲ ದಿನದಿಂದಲೂ ಸುಳ್ಳು ತೋರಿಸುತ್ತಿತ್ತು.

ರಿಪೇರಿಯವನಿಗೆ ಹಬ್ಬವಾಯಿತು. ಬಹಳ ದಿನಗಳ ನಂತರ ಹೊಟ್ಟೆ ತುಂಬ ಉಂಡ. ಕೂಡಲೇ ರಸ್ತೆ ದಾಟಿ ಹೇಳಿಬಿಡಬಹುದಿತ್ತು. ಆದರೆ ಹಾಗೆ ಹೇಳಿದರೆ ಗೆಳೆಯ ಅಲ್ಲೇ ಸೆನ್ಸರ್ ಬಿಚ್ಚಿ ಸರಿಯಾದ ಜಾಗಕ್ಕೆ ಹಾಕುತ್ತಾನೆ. ಅವನ ಮೀಟರು ಇನ್ನೂ ಒಳ್ಳೆಯದಾಗುತ್ತದೆ. ಬೇಡ, ನನ್ನದು ಪೂರ್ತಿಯಾಗಲಿ, ಚಹಾದಂಗಡಿಯ ಮುಂದೆ ಎರಡೂ ಬೈಕು ಪಕ್ಕಪಕ್ಕ ನಿಲ್ಲಿಸಿ ಎಲ್ಲರ ಎದುರಿಗೆ ಹೇಳುತ್ತೇನೆ ಎಂದುಕೊಂಡ. ಕೆಲವು ದಿನದ ಮಾತು ಅಷ್ಟೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಅಷ್ಟರಲ್ಲಿ ಒಂದು ಬೆಳಗ್ಗೆ ಮೆಕ್ಯಾನಿಕ್ ಬೈಕ್ ತಂದು ಅವನ ಅಂಗಡಿಯ ಮುಂದೆ ನಿಲ್ಲಿಸಿದ. ಹೆಂಡತಿ ಹಿಂದೆ ಕೂತಿದ್ದಳು. ಅವಳ ತವರು ಬೆಟ್ಟದ ಮೇಲಿನ ಊರು. ತಂಗಿಗೆ ಸೀಮಂತ.

"ಬೆಟ್ಟ ಹತ್ತಬೇಕು ಕಣೋ. ಇಬ್ಬರ ಭಾರ ಬೇರೆ. ಮೀಟರು ಒಂದ್ಸಲ ನೋಡಿಬಿಡು" ಎಂದ ಮೆಕ್ಯಾನಿಕ್.

ರಿಪೇರಿಯವನು ಬಗ್ಗಿ ನೋಡಿದ. ಎಂಜಿನ್ನಿನ ಹೊರ ಅಂಚಿನಲ್ಲಿ ಸೆನ್ಸರ್ ಕಾಣುತ್ತಿತ್ತು. ಅವನದು ಪೂರ್ತಿಯಾಗಲು ಸ್ವಲ್ಪವೇ ಕೆಲಸ ಬಾಕಿ ಇತ್ತು.

"ಎಲ್ಲ ಸರಿಯಾಗಿದೆ. ಹೋಗಿ ಬಾ" ಎಂದ.

"ಬರ್ತೀವಣ್ಣ" ಎಂದಳು ಹೆಂಡತಿ.

ಬೆಟ್ಟದ ಅರ್ಧ ದಾರಿಯಲ್ಲಿ ಬೈಕ್ ಎಳೆಯಲು ತಿಣುಕತೊಡಗಿತು. "ಕಾಲಿಗೆ ಬಿಸಿ ಹೊಡೀತಿದೆ, ಸ್ವಲ್ಪ ನಿಲ್ಲಿಸ್ರೀ" ಎಂದು ಹೆಂಡತಿ ಹೇಳಿದಳು. ಎಂಜಿನ್ನಿನ ಸದ್ದು ಬದಲಾದದ್ದು ಮೆಕ್ಯಾನಿಕ್‌ನ ಕಿವಿಗೂ ಬಿದ್ದಿತ್ತು. ಬೇರೆ ದಿನವಾಗಿದ್ದರೆ ಅವನು ನಿಲ್ಲಿಸುತ್ತಿದ್ದ. ಮೀಟರು ನೋಡಿದ. ಅಂಕಿ ಕಡಿಮೆಯೇ ಇತ್ತು. "ಏನಾಗಿಲ್ಲ. ಬೆಳಗ್ಗೆ ತಾನೆ ಅವನು ನೋಡಿ ಹೇಳಿದಾನಲ್ಲ" ಎಂದು ಮುಂದೆ ಹೋದ. ಒಂದು ತಿರುವಿನಲ್ಲಿ ಎಂಜಿನ್ ಬಿಸಿಗೆ ಸೀಜ್ ಆಗಿ ನಿಂತುಹೋಯಿತು. ಹಿಂದಿನ ಚಕ್ರ ತಿರುಗದೆ ಕಚ್ಚಿಕೊಂಡಿತು. ಇಬ್ಬರೂ ರಸ್ತೆಗೆ ಬಿದ್ದರು. ಹೆಂಡತಿಯ ಕೈ ಮುರಿಯಿತು. ಮೆಕ್ಯಾನಿಕ್‌ನ ಮಂಡಿ ಬೈಕಿನ ಕೆಳಗೆ ಸಿಕ್ಕಿ ನುಜ್ಜಾಯಿತು.

ಸುದ್ದಿ ಕೇಳಿ ರಿಪೇರಿಯವನು ಅಂಗಡಿಯ ಬಾಗಿಲನ್ನೂ ಹಾಕದೆ ಆಸ್ಪತ್ರೆಗೆ ಓಡಿದ. ಹೇಳಿಬಿಡಬೇಕು ಎಂದೇ ಓಡಿದ್ದ. ಮಂಚದ ಮೇಲಿದ್ದ ಮೆಕ್ಯಾನಿಕ್ ಅವನನ್ನು ನೋಡಿ ತಾನೇ ಮೊದಲು ಮಾತಾಡಿದ.

"ನಂದೇ ತಪ್ಪು. ಪೆಟ್ರೋಲಿಗೆ ಆಯಿಲ್ ಕಡಿಮೆ ಹಾಕಿದ್ದೆ ಅನ್ಸುತ್ತೆ. ಮೀಟರ್ ತಪ್ಪಲ್ಲ, ನೀನೇ ನೋಡಿದ್ಯಲ್ಲ."

ಪಕ್ಕದಲ್ಲಿ ಹೆಂಡತಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದಳು. ರಿಪೇರಿಯವನು ಹೇಳಲು ಬಂದದ್ದನ್ನು ಹೇಳಲಿಲ್ಲ. ತಂದಿದ್ದ ಮೂಸಂಬಿಯನ್ನು ಮಂಚದ ಮೇಲಿಟ್ಟು ಹೊರಟುಬಂದ.

ಅವಳ ಕೈ ಕೂಡಿತು. ಅವನ ಮಂಡಿ ಮಾತ್ರ ಮತ್ತೆ ಪೂರ್ತಿ ಮಡಿಸಲು ಬರಲಿಲ್ಲ. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಮಾಡುವ ಕೆಲಸ ಅವನದು. ಈಗ ಎತ್ತರದ ಸ್ಟೂಲು ಹಾಕಿಕೊಂಡು, ಬೈಕುಗಳನ್ನು ಹಲಗೆಯ ಮೇಲೆ ಏರಿಸಿ ಕೆಲಸ ಮಾಡತೊಡಗಿದ. ತಾನು ಮಾಡಿದ ಮೀಟರುಗಳನ್ನು ಬಿಚ್ಚಿಹಾಕಿದ. ಚಹಾದಂಗಡಿಯಲ್ಲಿ ಯಾರೂ ಅವುಗಳ ಮಾತೆತ್ತಲಿಲ್ಲ. ರಿಪೇರಿಯವನು ಬಯಸಿದ್ದು ಹೀಗೆ ನಡೆದುಹೋಗಿತ್ತು.

ಎಂಜಿನ್ ಸರಿಮಾಡಿದ ಮೇಲೆ ಮೆಕ್ಯಾನಿಕ್ ಬೈಕನ್ನು ತಳ್ಳಿಕೊಂಡು ಎದುರಿನ ಅಂಗಡಿಗೆ ಬಂದ. "ನೀನೂ ಮಾಡಿದೀಯಂತೆ. ನಿನ್ನದನ್ನೇ ನನಗೆ ಹಾಕಿಕೊಡು. ಇದು ನಿನ್ನ ಕೈಗೇ ಸರಿ" ಎಂದ. ಅವನ ದನಿಯಲ್ಲಿ ನೋವಿರಲಿಲ್ಲ. ಗೆಳೆಯನ ಮೀಟರನ್ನು ತಿರುಗಿಸಿ ತಿರುಗಿಸಿ ನೋಡಿ, ಬೆಸುಗೆಯ ಅಚ್ಚುಕಟ್ಟು ಕಂಡು ಖುಷಿಪಟ್ಟ.

ರಿಪೇರಿಯವನು ಹಾಕಿಕೊಟ್ಟ. ಸೆನ್ಸರನ್ನು ಪ್ಲಗ್ಗಿನ ಬುಡಕ್ಕೆ ಕೂರಿಸಿದ. ಮತ್ತೆ ತಪ್ಪು ಜಾಗಕ್ಕೆ ಹಾಕುವುದು ಅವನಿಂದ ಆಗಲಿಲ್ಲ. ಮೆಕ್ಯಾನಿಕ್ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ.

"ಇಲ್ಯಾಕೆ? ನಾನು ಹೊರಗೆ ಹಾಕಿದ್ನಲ್ಲ" ಎಂದ.

"ಹೊರಗೆ ಹಾಕಿದ್ರೆ ಗಾಳಿಗೆ ಕಡಿಮೆ ತೋರಿಸುತ್ತೆ."

ಮೆಕ್ಯಾನಿಕ್ ಎಂಜಿನ್ನನ್ನು ನೋಡಿದ. ಆಮೇಲೆ ಗೆಳೆಯನ ಮುಖ ನೋಡಿದ.

"ಇದು ನಿನಗೆ ಯಾವಾಗ ಗೊತ್ತಾಯ್ತು?"

ರಿಪೇರಿಯವನ ಕೈಯಲ್ಲಿ ಸ್ಕ್ರೂಡ್ರೈವರ್ ನಿಂತಿತು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ನೀವು ಊರಿಗೆ ಹೊರಡೋಕೆ ಮೊದಲೇ" ಎಂದ.

ಮೆಕ್ಯಾನಿಕ್ ಬೈಯಲಿಲ್ಲ. ಮೀಟರು ಬೇಡ ಎನ್ನಲೂ ಇಲ್ಲ. ಕೆಲಸ ಮುಗಿಯುವ ತನಕ ಕೂತಿದ್ದು, ಮುಗಿದ ಮೇಲೆ ಮಂಡಿ ಹಿಡಿದುಕೊಂಡು ಎದ್ದು, ಬೈಕ್ ತಳ್ಳಿಕೊಂಡು ರಸ್ತೆ ದಾಟಿದ. ಆ ಸಂಜೆ ಚಹಾ ತರಿಸಿದ. ಒಬ್ಬನಿಗೇ ತರಿಸಿದ.

ರಿಪೇರಿಯವನ ಹೆಸರು ಆಮೇಲೆ ಸುತ್ತಲಿನ ಊರುಗಳಿಗೂ ಹಬ್ಬಿತು. ದೂರದೂರದಿಂದ ಜನ ಬಂದು ಬೈಕಿಗೆ ಮೀಟರು ಹಾಕಿಸಿಕೊಂಡು ಹೋದರು. ಎಂಜಿನ್ನಿನ ಬಿಸಿಯನ್ನು ಅಷ್ಟು ಸರಿಯಾಗಿ ತೋರಿಸುವ ಮೀಟರು ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಬಂದವರು ಹೊಗಳಿದಾಗಲೆಲ್ಲ ಅವನು ರಸ್ತೆಯ ಆಚೆಗೆ ನೋಡುತ್ತಿದ್ದ. ಅಲ್ಲಿ ಸ್ಟೂಲಿನ ಮೇಲೆ ಕೂತವನು ತಲೆ ಎತ್ತುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಮರುಳಸಿದ್ಧನಿಗೆ ತಡೆಯಲಾಗಲಿಲ್ಲ. "ಎಂಥ ಮನುಷ್ಯ, ಬುದ್ಧಿ. ಅಷ್ಟು ವಿದ್ಯೆ ಕಲಿತವನಿಗೆ ಒಂದು ಮಾತು ಹೇಳಲು ಏನಾಗಿತ್ತು? ತಪ್ಪು ಕಣ್ಣಿಗೆ ಬಿದ್ದ ದಿನವೇ ಹೇಳಿದ್ದರೆ ಮುಗಿಯುತ್ತಿತ್ತು" ಎಂದ.

ಗುರುಗಳು ಎದ್ದು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು.

"ರೇಣುಕಯ್ಯನ ಪ್ರವಚನದಲ್ಲಿ ನಿನ್ನ ಕಣ್ಣಿಗೆ ಬಿದ್ದಿರುವ ತಪ್ಪನ್ನು ಅವನಿಗೆ ಯಾವತ್ತು ಹೇಳುತ್ತೀಯ?" ಎಂದರು.