ತೆಳ್ಳನೆಯ ಪುಸ್ತಕದ ಇಪ್ಪತ್ತಮೂರನೆಯ ಪುಟ

“ಮೇಷ್ಟ್ರೇ, ಮೈಕ್ರೊಕಂಟ್ರೋಲರ್ ಪ್ರೋಗ್ರಾಮಿಂಗ್ ಕಲಿಯೋಕೆ ಎಲ್ಲಕ್ಕಿಂತ ಒಳ್ಳೆ ಪುಸ್ತಕ ಯಾವುದು? ಒಂದೇ ಒಂದು ಹೇಳಿ. ತಪ್ಪು ಪುಸ್ತಕ ಹಿಡಿದು ದಿನ ಹಾಳುಮಾಡಿಕೊಳ್ಳೋಕೆ ನನಗಿಷ್ಟವಿಲ್ಲ.”

ಕೇಳಿದವಳು ಹಿಟ್ಟಿನ ಗಿರಣಿಯ ರತ್ನಾವತಿ. ಹೋದ ಬೇಸಿಗೆಯಲ್ಲಿ ಅವಳ ಗಿರಣಿಯ ಮೋಟಾರು ಕಾದು ಸುಟ್ಟುಹೋಗಿತ್ತು. ಕಾವು ಏರಿದರೆ ಮೋಟಾರು ತಾನಾಗಿ ನಿಲ್ಲುವ ಹಾಗೆ ತಾನೇ ಒಂದು ಯಂತ್ರ ಮಾಡಬೇಕೆಂದು ಅವಳಿಗೆ ಹಟ. ಅದಕ್ಕೆ ಬೇಕಾದ ಮೈಕ್ರೊಕಂಟ್ರೋಲರ್ ಎಂಬ ಚಿಪ್ಪು ಉಗುರಿನಷ್ಟಗಲದ್ದು. ನಾವು ಬರೆದ ಸಾಲುಗಳನ್ನು ಅದರೊಳಗೆ ತುಂಬಿದರೆ ಅದು ಹೇಳಿದ ಹಾಗೆ ಕೇಳುತ್ತದೆ. ಚಿಪ್ಪು ಕೂರಿಸಿದ ಬೋರ್ಡನ್ನು ಅವಳು ಕೊಂಡು ಎಂಟು ತಿಂಗಳಾಗಿತ್ತು. ಅದಿನ್ನೂ ಡಬ್ಬಿಯಲ್ಲೇ ಇತ್ತು.

ಕೆಂಪರಾಜಯ್ಯ ಮೇಷ್ಟ್ರು ಪ್ರತಿ ಶನಿವಾರ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಐದಾರು ಜನರಿಗೆ ಈ ವಿದ್ಯೆ ಹೇಳಿಕೊಡುತ್ತಿದ್ದರು. ಅವರಿಗೆ ಕಿವಿ ಮಂದ. ಉಳಿದವರೆಲ್ಲ ಪ್ರಶ್ನೆಯನ್ನು ಹಾಳೆಯಲ್ಲಿ ಬರೆದು ಮುಂದೆ ಹಿಡಿಯುತ್ತಿದ್ದರು. ರತ್ನಾವತಿಗೆ ಆ ಕಷ್ಟವಿರಲಿಲ್ಲ. ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ಅವಳ ದನಿ ಬೀದಿಗೆಲ್ಲ ಕೇಳುವಷ್ಟು ದೊಡ್ಡದಾಗಿತ್ತು. ಮನೆಯವರು ಅದಕ್ಕೆ ಬೈಯುತ್ತಿದ್ದರು. ಮೇಷ್ಟ್ರಿಗೆ ಮಾತ್ರ ಆ ದನಿ ಕೇಳಿದರೆ ಮುಖ ಅರಳುತ್ತಿತ್ತು.

ಅವಳು ಹೀಗೆ ಕೇಳಿದ ಶನಿವಾರ ಗ್ರಂಥಾಲಯಕ್ಕೆ ಸುಣ್ಣ ಹೊಡೆಯುತ್ತಿದ್ದರು. ರತ್ನಾವತಿ ವಿಳಾಸ ಕೇಳಿಕೊಂಡು ಮೇಷ್ಟ್ರ ಮನೆಗೇ ಬಂದಿದ್ದಳು. ಬೆಲ್ ಒತ್ತಿದ ಬೆರಳು ತೆಗೆಯುವಷ್ಟರಲ್ಲಿ ಬಾಗಿಲು ತೆರೆದಿತ್ತು. ಕಿವಿ ಕೇಳದವರು ಇಷ್ಟು ಬೇಗ ಹೇಗೆ ಬಂದರೆಂದು ಅವಳಿಗೆ ಆಶ್ಚರ್ಯವಾಗಿತ್ತು. ಒಳಗೆ ಕಪಾಟಿನ ಮೇಲೆ ಒಂದು ಸಣ್ಣ ಹಸಿರು ದೀಪ ಮಿನುಗುತ್ತಿತ್ತು. ಅದರ ಪಕ್ಕದಲ್ಲೇ ಆರಿಸುವ ಗುಂಡಿಯಿತ್ತು. ಮೇಷ್ಟ್ರು ಅದನ್ನು ಮುಟ್ಟಲಿಲ್ಲ. ಚಾಪೆ ಹಾಸಿದರು, ನೀರು ಕೊಟ್ಟರು, ಎದುರಿಗೆ ಕೂತರು.

ರತ್ನಾವತಿ ತನ್ನ ಪಟ್ಟಿ ಬಿಡಿಸಿ ಹಿಡಿದಳು. ಅದರಲ್ಲಿ ಹತ್ತೊಂಬತ್ತು ಪುಸ್ತಕಗಳ ಹೆಸರಿದ್ದವು.

ಮೇಷ್ಟ್ರು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರು. ಆಮೇಲೆ ಅದನ್ನು ಅವಳಿಗೇ ಕೊಟ್ಟು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಒಂಟಿ ಮನುಷ್ಯ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲೇ ಕೆಲಸ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿ ಕೂತರೆ ಅವನಿಗೆ ಲೋಕವೇ ಇರಲಿಲ್ಲ.

ಅವನಿಗೆ ಒಬ್ಬನೇ ಗೆಳೆಯ. ಅವನೊಬ್ಬ ಪೋಸ್ಟ್‌ಮ್ಯಾನ್, ನಿವೃತ್ತನಾದವನು. ಕಾಲು ಎತ್ತ ಕರೆದುಕೊಂಡು ಹೋದರೆ ಅತ್ತ ಹೋಗುವ ಮನುಷ್ಯ. ವಾರಕ್ಕೊಮ್ಮೆಯೋ ಎರಡು ಸಲವೋ ಅವನ ಕಾಲು ಈ ಮನೆಗೆ ಬರುತ್ತಿತ್ತು. ಇಬ್ಬರೂ ಕವಡೆ ಹಾಕಿ ಚೌಕಾಬಾರ ಆಡುತ್ತಿದ್ದರು. ಮಾತು ಕಡಿಮೆ, ಜಗಳ ಜಾಸ್ತಿ. ಪೋಸ್ಟ್‌ಮ್ಯಾನ್ ಕಾಯಿ ನಡೆಸುವಾಗ ಒಂದು ಮನೆ ಹೆಚ್ಚು ಎಣಿಸುತ್ತಿದ್ದ. ರಿಪೇರಿಯವನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಜಗಳವಾಡುವುದರಲ್ಲಿ ಅವನಿಗೆ ಸುಖವಿತ್ತು. ಇಡೀ ವಾರದಲ್ಲಿ ಅವನು ಮನಸ್ಸು ಬಿಚ್ಚಿ ಆಡುತ್ತಿದ್ದ ಮಾತು ಅಷ್ಟೇ.

ಹೀಗಿರುವಾಗ ರಿಪೇರಿಯವನ ಕಿವಿ ಮಂದವಾಗುತ್ತ ಬಂತು. ಒಂದು ದಿನ ಬಾಗಿಲ ಸಂದಿಯಲ್ಲಿ ನಾಲ್ಕು ಮಡಿಕೆ ಮಡಚಿದ ಚೀಟಿ ಬಿದ್ದಿತ್ತು. ‘ಬಂದಿದ್ದೆ. ಬಾಗಿಲು ತೆರೆಯಲಿಲ್ಲ.’ ಮರುವಾರ ಅಂಥದೇ ಇನ್ನೊಂದು. ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದ. ಗೆಳೆಯನ ಮನೆಗೆ ಓಡಿದ. ಅಲ್ಲಿ ಸೊಸೆ, ಮೊಮ್ಮಕ್ಕಳು, ಒಂದೇ ನಡುಮನೆ. ಕೂತು ಕವಡೆ ಹಾಕುವ ಮಾತೇ ಇಲ್ಲ. ಇಬ್ಬರೂ ಬಾಗಿಲಲ್ಲೇ ನಿಂತು ಮಾತಾಡಿದರು.

“ಕಿವಿ ಹೋಗಿದೆ ಮಾರಾಯ. ಒಂದು ಸಲ ಒತ್ತಿದರೆ ಗೊತ್ತಾಗಲ್ಲ. ಇನ್ನೆರಡು ಸಲ ಒತ್ತು, ಬಾಗಿಲು ಬಡಿ.”

“ನಲವತ್ತು ವರ್ಷ ಈ ಊರಿನ ಎಲ್ಲ ಮನೆಯ ಬೆಲ್ಲನ್ನೂ ಒಂದೇ ಸಲ ಒತ್ತಿದವನು ನಾನು. ತೆಗೆದರೆ ಕಾಗದ ಕೊಟ್ಟೆ, ತೆಗೆಯದಿದ್ದರೆ ಚೀಟಿ ಹಾಕಿ ಬಂದೆ. ಇನ್ನೊಬ್ಬರ ಬಾಗಿಲು ಬಡಿಯೋದು ಈ ವಯಸ್ಸಿನಲ್ಲಿ ಕಲಿಯಲಾ?”

“ಹಾಗಾದರೆ ಒಂದು ತಿಂಗಳು ಕೊಡು. ನೀನು ಒತ್ತಿದರೆ ಹೊತ್ತುವ ದೀಪ ಮಾಡುತ್ತೇನೆ.”

ರತ್ನಾವತಿಗೆ ಇಲ್ಲಿ ಸುಮ್ಮನಿರಲಾಗಲಿಲ್ಲ. “ಬಾಗಿಲು ತೆಗೆದಿಟ್ಟು ಕೂತಿದ್ದರೆ ಆಗುತ್ತಿತ್ತಲ್ಲ ಮೇಷ್ಟ್ರೇ?” ಎಂದಳು.

“ನೀನು ಜಾಣೆ. ಅವನು ಗಡಿಯಾರದವನು,” ಎಂದರು ಮೇಷ್ಟ್ರು. “ಬಾಗಿಲು ತೆಗೆದರೆ ಧೂಳು. ಫ್ಯಾನನ್ನೂ ಹಾಕದೆ ಬೆವರು ಸುರಿಸಿಕೊಂಡು ಕೂರುವ ಜಾತಿ ಅದು.”

ಕತೆ ಮುಂದುವರಿಯಿತು.

ದೀಪ ಸುಮ್ಮನೆ ಒಂದು ಕ್ಷಣ ಹೊತ್ತಿ ಆರಿದರೆ ಪ್ರಯೋಜನವಿರಲಿಲ್ಲ. ಭೂತಗನ್ನಡಿಯೊಳಗೆ ಮುಳುಗಿದವನು ಅದನ್ನು ಕಾಣುವುದಿಲ್ಲ. ಬೆಲ್ ಒತ್ತಿದ್ದನ್ನು ನೆನಪಿಟ್ಟುಕೊಂಡು, ಅವನು ತಲೆ ಎತ್ತಿ ತನ್ನ ಕೈಯಿಂದ ಆರಿಸುವವರೆಗೆ ದೀಪ ಮಿನುಗುತ್ತಲೇ ಇರಬೇಕಿತ್ತು. ಅದಕ್ಕೆ ಮೈಕ್ರೊಕಂಟ್ರೋಲರ್ ಬೇಕೆಂದು ಅಂಗಡಿಯವನು ಹೇಳಿದ. ಒಂದು ಬೋರ್ಡು ಕೊಟ್ಟ. ಅದರ ಜೊತೆಗೆ ಅರವತ್ತು ಪುಟದ ಒಂದು ತೆಳ್ಳನೆಯ ಪುಸ್ತಕವನ್ನೂ ಕೊಟ್ಟ. ಬೋರ್ಡಿನ ಮೇಲೆ ಯಾವ ಚಿಪ್ಪಿನ ಹೆಸರಿತ್ತೋ ಅದೇ ಹೆಸರು ಪುಸ್ತಕದ ಹೊದಿಕೆಯ ಮೇಲೂ ಇತ್ತು.

ರಿಪೇರಿಯವನು ಪುಸ್ತಕವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ. ಇಷ್ಟು ಹಗುರದ ಪುಸ್ತಕದಲ್ಲಿ ವಿದ್ಯೆ ಎಲ್ಲಿರುತ್ತದೆ ಎಂದುಕೊಂಡ. ಕೈಕೆಲಸದಲ್ಲಿ ಪಳಗಿದವನಿಗೆ ಇರುವ ಜಂಬ ಅದು.

ಗಡಿಯಾರದ ಕೆಲಸದಲ್ಲಿ ಮೊದಲ ಪಾಠ ಒಂದೇ. ಪೂರ್ತಿ ಗೊತ್ತಿಲ್ಲದ ಯಂತ್ರದೊಳಗೆ ಇಕ್ಕಳ ಹಾಕಬಾರದು. ಕೂದಲೆಳೆಯಂಥ ಸ್ಪ್ರಿಂಗ್ ಒಮ್ಮೆ ಸೊಟ್ಟಗಾದರೆ ಸೊಟ್ಟಗಾದ ಹಾಗೇ. ಅದಕ್ಕೆ ಕ್ಷಮೆ ಇಲ್ಲ. ಐವತ್ತು ವರ್ಷ ಆ ಪಾಠ ಅವನನ್ನು ಕಾಪಾಡಿತ್ತು. ಈಗಲೂ ಅದನ್ನೇ ಪಾಲಿಸಿದ. ಬೋರ್ಡನ್ನು ಗಡಿಯಾರದ ಬಿಡಿಭಾಗ ಇಡುವ ಗಾಜಿನ ಮುಚ್ಚಳದ ಡಬ್ಬಿಯಲ್ಲಿಟ್ಟ. ಮೊದಲು ಎಲ್ಲ ತಿಳಿಯಬೇಕು, ಆಮೇಲೆ ಕೈ ಹಾಕಬೇಕು ಎಂದು ನಿರ್ಧರಿಸಿದ.

ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಿ ಎಲ್ಲಕ್ಕಿಂತ ದಪ್ಪನೆಯ ಪುಸ್ತಕ ತಂದ. ಅದರ ಮುನ್ನುಡಿಯಲ್ಲೇ ಓದುಗರಿಗೆ ಸಿ ಎಂಬ ಕಂಪ್ಯೂಟರ್ ಭಾಷೆ ಬರುತ್ತದೆಂದು ಭಾವಿಸಿದ್ದೇವೆ ಎಂದಿತ್ತು. ಅವನಿಗೆ ಬರುತ್ತಿರಲಿಲ್ಲ. ಮತ್ತೆ ಬಸ್ಸು ಹತ್ತಿದ, ಸಿ ಭಾಷೆಯ ಪುಸ್ತಕ ತಂದ. ಅದನ್ನು ಮೂರು ಸಲ ಓದಿದ. ಚಿಪ್ಪಿನೊಳಗೆ ವಿದ್ಯುತ್ತು ಹೇಗೆ ಹರಿಯುತ್ತದೆಂದು ತಿಳಿಯದೆ ಇದೆಲ್ಲ ಯಾಕೆ ಎನ್ನಿಸಿ ಇನ್ನೊಂದು ತಂದ. ಕೊನೆಗೆ ಎಲ್ಲರೂ ಹೊಗಳುವ ಪುಸ್ತಕವೊಂದು ಸಿಕ್ಕಿತು. ನಿಜವಾಗಿ ಒಳ್ಳೆಯ ಪುಸ್ತಕ. ಅದನ್ನು ಬರೆದದ್ದು ಬೇರೆ ಚಿಪ್ಪಿಗಾಗಿ. ಅದು ಅವನಿಗೆ ನೂರನೆಯ ಪುಟ ದಾಟಿದ ಮೇಲೆ ಗೊತ್ತಾಯಿತು. ಆದರೂ ಓದುವುದನ್ನು ಬಿಡಲಿಲ್ಲ. ಅಷ್ಟು ಹೊತ್ತಿಗೆ ಅವನಿಗೆ ದೀಪ ಮರೆತುಹೋಗಿತ್ತು, ಪುಸ್ತಕ ಮುಗಿಸುವುದಷ್ಟೇ ಉಳಿದಿತ್ತು.

ಒಂದು ತಿಂಗಳು ಎಂದದ್ದು ಎರಡು ವರ್ಷವಾಯಿತು. ಪೋಸ್ಟ್‌ಮ್ಯಾನ್ ಬರುವುದನ್ನು ಬಿಟ್ಟಿರಲಿಲ್ಲ. ಇವತ್ತು ದೀಪ ಆಗಿರಬಹುದು ಎಂದುಕೊಂಡು ಬರುತ್ತಿದ್ದ. ಒಂದು ಸಲ ಒತ್ತುತ್ತಿದ್ದ. ಕಾಯುತ್ತಿದ್ದ. ನಾಲ್ಕು ಮಡಿಕೆಯ ಚೀಟಿ ಸಂದಿಯಲ್ಲಿ ತಳ್ಳಿ ಹೋಗುತ್ತಿದ್ದ. ಆ ಚೀಟಿಗಳನ್ನು ಕಂಡಾಗಲೆಲ್ಲ ರಿಪೇರಿಯವನಿಗೆ ನಾಚಿಕೆಯಾಗುತ್ತಿತ್ತು. ನಾಚಿಕೆಯಾದಾಗ ಇನ್ನಷ್ಟು ಓದುತ್ತಿದ್ದ. ಚೀಟಿಗಳು ಹದವಾಗಿ ಮಡಚಿದ್ದವು. ಓದಿದ ಪುಟ ಗುರುತಿಡಲು ಅವನ್ನೇ ಪುಸ್ತಕದೊಳಗೆ ಇಡುತ್ತಿದ್ದ. ಮೊದಮೊದಲು ಬಿಡಿಸಿ ಓದುತ್ತಿದ್ದ. ಎಲ್ಲದರಲ್ಲೂ ಅದೇ ಎರಡು ಮಾತು. ಆಮೇಲಾಮೇಲೆ ಬಿಡಿಸುವುದನ್ನೂ ಬಿಟ್ಟ.

ಒಮ್ಮೆ ಬೀದಿಯಲ್ಲಿ ಇಬ್ಬರೂ ಎದುರಾದರು. ಪೋಸ್ಟ್‌ಮ್ಯಾನ್ ಸೊರಗಿ ಇಳಿದುಹೋಗಿದ್ದ.

“ದೀಪ ಆಯಿತೇನೋ?” ಎಂದು ಅವನ ಕಿವಿಯ ಹತ್ತಿರ ಬಂದು ಕೇಳಿದ.

“ಇದೊಂದು ಪುಸ್ತಕ ಮುಗಿಯಲಿ,” ಎಂದ ರಿಪೇರಿಯವನು.

ಪೋಸ್ಟ್‌ಮ್ಯಾನ್ ತಲೆಯಾಡಿಸಿದ. ಜಗಳವಾಡಲಿಲ್ಲ. ಅವನು ಜಗಳವಾಡದೆ ಹೋದದ್ದು ಅದೇ ಮೊದಲು. ಅದನ್ನು ಗಮನಿಸಬೇಕಿತ್ತು.

ಅದಾಗಿ ಕೆಲವು ವಾರ ಸಂದಿಯಲ್ಲಿ ಚೀಟಿ ಬೀಳಲಿಲ್ಲ. ರಿಪೇರಿಯವನಿಗೆ ಒಳಗೊಳಗೇ ಹಗುರವೆನಿಸಿತು. ಗುರುತಿಡಲು ಹಳೆಯ ಚೀಟಿಯನ್ನೇ ಬಳಸಿದ. ಆಮೇಲೆ ಒಂದು ಬೆಳಿಗ್ಗೆ ಮತ್ತೆ ಒಂದು ಚೀಟಿ ಕಂಡಿತು. ನಾಲ್ಕು ಮಡಿಕೆ. ಎತ್ತಿಕೊಂಡ, ಇನ್ನೂರ ಹನ್ನೆರಡನೆಯ ಪುಟದಲ್ಲಿಟ್ಟು ಪುಸ್ತಕ ಮುಚ್ಚಿದ. ಅಂದೇ ಬೀದಿಯಲ್ಲಿ ಯಾರೋ ಒಂದು ಹಳೆಯ ಗೋಡೆ ಗಡಿಯಾರವನ್ನು ರಿಪೇರಿಗೆಂದು ಅವನ ಕೈಗಿಟ್ಟರು. ಒಂಬತ್ತು ದಿನ ಅದರಲ್ಲೇ ಮುಳುಗಿದ.

ಹತ್ತನೆಯ ದಿನ ಹಾಲಿನ ಬೂತಿನಲ್ಲಿ ಯಾರೋ ಅವನ ಭುಜ ಮುಟ್ಟಿದರು. ಕೈಸನ್ನೆ ಮಾಡಿ, ಬಾಯಿ ದೊಡ್ಡದಾಗಿ ತೆರೆದು ಹೇಳಿದರು. ಪೋಸ್ಟ್‌ಮ್ಯಾನ್ ತೀರಿಕೊಂಡು ಆರು ದಿನವಾಗಿತ್ತು.

ಅವನು ಮನೆಗೆ ಬಂದ. ಏನು ಮಾಡಬೇಕೋ ತಿಳಿಯಲಿಲ್ಲ. ಅಳುವುದಕ್ಕೂ ಎದುರಿಗೆ ಒಬ್ಬರು ಬೇಕು. ಅಭ್ಯಾಸಬಲದಿಂದ ಪುಸ್ತಕ ತೆಗೆದ. ಚೀಟಿಯಿದ್ದ ಪುಟ ತಾನಾಗಿ ತೆರೆದುಕೊಂಡಿತು. ಗೆಳೆಯನ ಕೊನೆಯ ಅಕ್ಷರವಾದರೂ ನೋಡೋಣವೆಂದು ಬಿಡಿಸಿದ. ಮಡಿಕೆ ಗೆಳೆಯನದೇ. ಅಕ್ಷರ ಅವನದಾಗಿರಲಿಲ್ಲ. ಸೊಸೆ ಬರೆದಿದ್ದಳು.

‘ಮಾವನವರಿಗೆ ಏಳಲು ಆಗುತ್ತಿಲ್ಲ. ಹೀಗೇ ಮಡಚಬೇಕೆಂದು ಖಾಲಿ ಹಾಳೆಯನ್ನು ಅವರೇ ಮಡಚಿ ಕೊಟ್ಟಿದ್ದಾರೆ. ದಿನಾ ನಿಮ್ಮನ್ನು ಕೇಳುತ್ತಾರೆ. ಅವರು ಹೇಳಿದ ಹಾಗೇ ಒಂದು ಸಲ ಬೆಲ್ ಒತ್ತಿದೆ, ನೀವು ತೆಗೆಯಲಿಲ್ಲ. ದಯವಿಟ್ಟು ಬೇಗ ಬನ್ನಿ.’

ರತ್ನಾವತಿ ನೀರಿನ ಲೋಟವನ್ನು ಮೇಷ್ಟ್ರ ಕಡೆ ಸರಿಸಿದಳು. ಅವರು ಕುಡಿಯಲಿಲ್ಲ.

ರಿಪೇರಿಯವನು ಆ ಪುಸ್ತಕ ಮುಚ್ಚಿದ. ಕಪಾಟಿನ ತಳದಲ್ಲಿ ಬಿದ್ದಿದ್ದ ತೆಳ್ಳನೆಯ ಪುಸ್ತಕ ಹುಡುಕಿ ತೆಗೆದ. ಇಪ್ಪತ್ತಮೂರನೆಯ ಪುಟದಲ್ಲಿ ಹನ್ನೊಂದು ಸಾಲು ಇದ್ದವು. ಗುಂಡಿ ಒತ್ತಿದರೆ ದೀಪ ಮಿನುಗಬೇಕು, ಇನ್ನೊಂದು ಗುಂಡಿ ಒತ್ತುವವರೆಗೆ ಮಿನುಗುತ್ತಿರಬೇಕು. ಅವನು ಗೆಳೆಯನಿಗೆ ಹೇಳಿದ್ದು ಇದನ್ನೇ. ಇದು ಮೊದಲ ದಿನದಿಂದಲೂ ಮನೆಯೊಳಗೇ ಇತ್ತು.

ಬೋರ್ಡನ್ನು ಡಬ್ಬಿಯಿಂದ ತೆಗೆದ. ಪಕ್ಕದ ಮನೆಯ ಕಂಪ್ಯೂಟರಿಗೆ ಸಿಕ್ಕಿಸಿ, ಸಾಲುಗಳನ್ನು ತುಂಬಿದ. ದೀಪ ಹೊತ್ತಲಿಲ್ಲ. ಒಂದು ಅಂಕಿ ತಪ್ಪಿತ್ತು. ತಿದ್ದಿದ. ಹೊತ್ತಿದ್ದು ಆರಲೇ ಇಲ್ಲ. ಮತ್ತೆ ಅಳಿಸಿ ಬರೆದ. ಏನೂ ಮುರಿಯಲಿಲ್ಲ, ಏನೂ ಸುಡಲಿಲ್ಲ. ಎಷ್ಟು ಸಲ ತಪ್ಪಿದರೂ ಚಿಪ್ಪು ಮೊದಲಿನ ಹಾಗೇ ಕೂತಿರುತ್ತಿತ್ತು. ಇದು ಗಡಿಯಾರವಲ್ಲ ಎಂದು ಅವನಿಗೆ ಆಗ ತಿಳಿಯಿತು. ಕ್ಷಮಿಸುವ ಯಂತ್ರಕ್ಕೆ ಅವನು ಎರಡು ವರ್ಷ ಹೆದರಿಕೊಂಡು ಕೂತಿದ್ದ.

ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು. ಬೆಲ್ಲಿಗೆ ತಂತಿ ಕಟ್ಟಿದ. ಹೊರಗೆ ಹೋಗಿ, ಪೋಸ್ಟ್‌ಮ್ಯಾನ್ ನಿಲ್ಲುತ್ತಿದ್ದ ಮೆಟ್ಟಿಲ ಮೇಲೆ ನಿಂತು, ಒಂದೇ ಸಲ ಒತ್ತಿದ. ಒಳಗೆ ಬಂದು ನೋಡಿದ. ದೀಪ ಮಿನುಗುತ್ತಿತ್ತು. ಅದನ್ನು ಆರಿಸಲು ಅವನಿಗೆ ಕೈ ಬರಲಿಲ್ಲ. ಯಾರೋ ಬಂದಿದ್ದಾರೆ ಎಂದು ಅದು ಸಂಜೆಯವರೆಗೂ ಹೇಳುತ್ತಲೇ ಇತ್ತು.

ಮೇಷ್ಟ್ರು ಕತೆ ನಿಲ್ಲಿಸಿದರು.

ರತ್ನಾವತಿ ಕಿಟಕಿಯ ಪಕ್ಕದ ಮೇಜಿನ ಕಡೆ ನೋಡಿದಳು. ಮೇಜಿನ ಮೇಲೆ ಏನೂ ಇರಲಿಲ್ಲ. ಮರದಲ್ಲಿ ಮಾತ್ರ ಗಡಿಯಾರದ ಸಣ್ಣ ಸಣ್ಣ ಸ್ಕ್ರೂಗಳು ಒತ್ತಿದ ಹಳೆಯ ಗುರುತುಗಳಿದ್ದವು. ಅವಳು ಪುಸ್ತಕಗಳ ಪಟ್ಟಿಯನ್ನು ಮಡಚಿ ಸೆರಗಿನ ಗಂಟಿಗೆ ಸೇರಿಸಿದಳು. ದನಿ ತಗ್ಗಿಸಿ ಏನೋ ಕೇಳಲು ಹೋದಳು. ಅವರಿಗೆ ಕೇಳಿಸಲಿಕ್ಕಿಲ್ಲವೆಂದು ಮತ್ತೆ ಏರಿಸಿದಳು.

“ಆಮೇಲೆ ಆ ದೀಪ ಯಾರು ಬಂದರೂ ಹೊತ್ತಿತೇ ಮೇಷ್ಟ್ರೇ?”

ಮೇಷ್ಟ್ರು ಕಪಾಟಿನ ಮೇಲೆ ಇನ್ನೂ ಮಿನುಗುತ್ತಿದ್ದ ಹಸಿರು ದೀಪದ ಕಡೆ ತಿರುಗಿದರು.

“ಹದಿನಾಲ್ಕು ತಿಂಗಳಾಯಿತು ಕಣಮ್ಮ, ನನ್ನದಲ್ಲದ ಬೆರಳಿಗೆ ಅದು ಹೊತ್ತಿದ್ದು ಇವತ್ತೇ ಮೊದಲು.”