ಬಟ್ಟಲಿನ ತೂತಿನಲ್ಲಿ ಕೆಸರು

"ಗುರುಗಳೇ, ದೂರದ ಕಡಲಡಿಯಲ್ಲಿ ನೆಲ ಕಂಪಿಸಿ, ಭೂಮಿ ಚೂರು ಬಿರುಸಾಗಿ ತಿರುಗಿ, ದಿನವೇ ಕೂದಲೆಳೆಯಷ್ಟು ಗಿಡ್ಡವಾಯಿತಂತೆ. ವರ್ಷ ವರ್ಷ ಸೆಕೆ ಏರುತ್ತಿರುವುದೂ ಭೂಮಿಯದೇ ಆಟ ಅಂತ ಕೆಲವರು. ಅಲ್ಲ, ನಮ್ಮದೇ ಕಿತಾಪತಿ ಅಂತ ಇನ್ನು ಕೆಲವರು. ಕೇಳಿ ಕೇಳಿ ಎದೆ ಡವಗುಟ್ಟುತ್ತದೆ. ತಪ್ಪು ಯಾರದು?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಊರು. ಊರ ತಲೆಯ ಮೇಲೆ ಒಂದು ಕೆರೆ. ಕೆರೆಯ ನೀರನ್ನು ಗದ್ದೆಗಳಿಗೆ ಸರದಿಯಂತೆ ಬಿಡುವವನು ನೀರಗಂಟಿ. ಅವನ ಬಳಿ ತಳದಲ್ಲಿ ಸೂಜಿಯಷ್ಟು ತೂತಿದ್ದ ತಾಮ್ರದ ಬಟ್ಟಲು. ಕಾಲುವೆಯ ನೀರು ತುಂಬಿದ ಹರವಿಯಲ್ಲಿ ಅದನ್ನು ತೇಲಿಬಿಟ್ಟರೆ, ತುಂಬಿ ಮುಳುಗುವಷ್ಟರಲ್ಲಿ ಒಂದು ಗಳಿಗೆ. ಹಗಲಿಗೆ ಮೂವತ್ತು ಗಳಿಗೆ, ಮೂವತ್ತು ಗದ್ದೆ. ಈ ಲೆಕ್ಕದಲ್ಲಿ ತನ್ನನ್ನು ಮೀರಿಸುವ ಗಂಡು ಏಳು ಹೋಬಳಿಯಲ್ಲಿಲ್ಲ ಎಂದು ಅವನು ಮೀಸೆ ತಿರುವುತ್ತಿದ್ದ. ಸುಳ್ಳೂ ಅಲ್ಲ.

ಒಂದು ಬೆಳಿಗ್ಗೆ ನೆಲ ನಡುಗಿತು. ಪಾತ್ರೆಗಳು ಉರುಳಿದವು, ಅಷ್ಟೇ. ಆದರೆ ಅಂದು ಹೊತ್ತು ಮುಳುಗುವಾಗ ಬಟ್ಟಲು ಇಪ್ಪತ್ತೆಂಟೇ ಸಲ ಮುಳುಗಿತ್ತು. ಕೊನೆಯ ಎರಡು ಗದ್ದೆಗೆ ನೀರಿಲ್ಲ.

"ಭೂಮಿ ಬಿರುಸಾಗಿ ತಿರುಗಿದೆ. ಹಗಲೇ ಎರಡು ಗಳಿಗೆ ಕಮ್ಮಿಯಾಯಿತು," ಎಂದ ಒಬ್ಬ ವ್ಯಾಪಾರಿ.

"ಹೋಗಯ್ಯ! ಭೂಮಿಯೂ ನಿನ್ನ ತಕ್ಕಡಿ ಅಂದುಕೊಂಡೆಯಾ, ಮುಟ್ಟಿದರೆ ಕಮ್ಮಿಯಾಗಲಿಕ್ಕೆ?" ಎಂದ ನೀರು ಸಿಗದ ಒಬ್ಬ ರೈತ.

ನೆಲ ನಡುಗಿದರೆ ದಿನ ಗಿಡ್ಡವಾಗುವುದುಂಟು. ಆದರೆ ರೆಪ್ಪೆ ಬಡಿಯುವಷ್ಟೂ ಅಲ್ಲ. ನೀರಗಂಟಿ ಬಟ್ಟಲನ್ನು ಎತ್ತಿ ನೋಡಿದ. ತೂತಿನಲ್ಲಿ ಕೆಸರು. ತೊಳೆದು ತೇಲಿಬಿಟ್ಟ. ಮತ್ತೆ ಕೆಸರು. ಮಳೆಯಿಲ್ಲದೆ ಕಾಲುವೆಯ ನೀರು ಕದಡಬೇಕಾದರೆ ಕೆರೆಯ ಏರಿ ಒಳಗಿಂದ ಕರಗುತ್ತಿರಬೇಕು.

ಓಡಿಹೋಗಿ ನೋಡಿದ. ಏರಿಯ ಬುಡದಲ್ಲಿ ಬೆರಳು ಹೋಗುವಷ್ಟು ಬಿರುಕು. ಕೆಂಪು ನೀರು ಜಿನುಗಿ ಕಾಲುವೆ ಸೇರುತ್ತಿತ್ತು. ಬಿರುಕಿನ ಎದುರಿಗೇ ಅವನ ಗುಡಿಸಲು; ಏರಿ ಒಡೆದರೆ ನೀರು ಮೊದಲು ನುಗ್ಗುವುದು ಅಲ್ಲಿಗೇ. ಒಳಗೆ ಹೆಂಡತಿ, ಆರು ದಿನದ ಬಾಣಂತಿ. ಹನ್ನೊಂದು ದಿನದ ಹೆರಿಗೆ ಸೂತಕ ಕಳೆಯುವವರೆಗೆ ಊರಿನ ಯಾವ ಮನೆಯೂ ಅವಳನ್ನು ಒಳಗೆ ಕರೆಯದು.

ಊರು ಸೇರಿತು. ನಡುಕದಿಂದ ಬಿರಿಯಿತು ಎಂದು ಅರ್ಧ ಜನ. ಮನೆಗೋಡೆಗೆಂದು ಏರಿಯ ಮಣ್ಣು ಅಗೆದದ್ದರಿಂದ ಬಿರಿಯಿತು ಎಂದು ಇನ್ನರ್ಧ. ಆ ಮಣ್ಣಿನ ಗೋಡೆಯಿಲ್ಲದ ಮನೆ ಊರಲ್ಲಿ ಒಂದೂ ಇರಲಿಲ್ಲ.

"ಸ್ವಾಮಿ, ಯಾರಿಂದ ಅಂತ ಆಮೇಲೆ ಜಗಳಾಡಿಕೊಳ್ಳಿ. ಈಗ ಮನೆಗೊಂದು ಬುಟ್ಟಿ ಮಣ್ಣು ತನ್ನಿ," ಎಂದ ನೀರಗಂಟಿ.

"ಜಾಣ ಕಣೋ ನೀನು! ಬುಟ್ಟಿ ಹೊತ್ತರೆ ಅಗೆದವನು ನಾನೇ ಅಂತ ಒಪ್ಪಿಕೊಂಡ ಹಾಗಲ್ಲವಾ?" ಎಂದ ರೈತ.

ಎರಡೂ ಪಂಗಡ ಒಪ್ಪಿದ್ದು ಆ ಒಂದೇ ಮಾತನ್ನು.

ನೀರಗಂಟಿ ಒಬ್ಬನೇ ಮಣ್ಣು ಹೊತ್ತ. ಮರುದಿನ ಬಟ್ಟಲು ಇಪ್ಪತ್ತೈದು ಸಲ ಮುಳುಗಿತು. ಅದರ ಮರುದಿನ ಹತ್ತೊಂಬತ್ತು. ಮೂರನೆಯ ದಿನ ತೂತು ಕೆಸರಿನಿಂದ ಪೂರ್ತಿ ಮುಚ್ಚಿ, ಮುಳುಗಲೇ ಇಲ್ಲ. ಜಗುಲಿಯ ಮೇಲೆ ವಾದ ನಡೆದೇ ಇತ್ತು.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಕೊನೆಗೆ ತಪ್ಪು ಯಾರದು ಅಂತ ತೀರ್ಮಾನವಾಯಿತೇ, ಗುರುಗಳೇ?"

"ಆ ಬಾಣಂತಿ ಏನಾದಳೆಂದು ನೀನೂ ಕೇಳಲಿಲ್ಲ," ಎಂದರು ಗುರು.