ಕಡಲಾಳದ ತಂಪು

“ಬುದ್ಧಿ, ಇದ್ದದ್ದನ್ನೆಲ್ಲ ಕೊಟ್ಟವನಿಗೆ ಕೊನೆಗೆ ಉಳಿಯುವುದೇನು?”

ಮರುಳಯ್ಯನ ದನಿಯಲ್ಲಿ ಮುನಿಸಿತ್ತು. ಹದಿನಾಲ್ಕು ವರ್ಷದಿಂದ ಮಠಕ್ಕೆ ಬಂದವರಿಗೆಲ್ಲ ಅಕ್ಷರ ತಿದ್ದಿಸಿದವನು ಅವನು. ಅವನಿಂದ ಕಲಿತವರು ಒಬ್ಬೊಬ್ಬರಾಗಿ ಪೀಠವೇರಿದ್ದರು. ಅವನು ಮಾತ್ರ ಅದೇ ಹಳೆಯ ಚಾಪೆಯ ಮೇಲಿದ್ದ.

“ನಾನು ಖಾಲಿಯಾದೆ, ದಿನದಿನಕ್ಕೂ ಕೆಳಗಿಳಿಯುತ್ತಿದ್ದೇನೆ. ಇನ್ನು ಯಾರಿಗೂ ಕಲಿಸಲಾರೆ” ಎಂದ. ಗಂಟು ಕಟ್ಟಿ ಬಾಗಿಲ ಬಳಿ ಇಟ್ಟೇ ಬಂದಿದ್ದ.

ಗುರುಗಳು ಗಂಟಿನ ಕಡೆ ನೋಡಿದರು. “ಹೊರಡುವೆಯಂತೆ, ಒಂದು ಕತೆ ಕೇಳಿ ಹೋಗು” ಎಂದರು.

ಒಬ್ಬ ವರ್ತಕ ತಾಯಿಯೊಡನೆ ಹಾಯಿಹಡಗಿನಲ್ಲಿ ಹೊರಟಿದ್ದ. ನಡುಗಡಲಲ್ಲಿ ಗಾಳಿ ನಿಂತುಹೋಯಿತು. ಸುಡುಬಿಸಿಲಿಗೆ ಕುಡಿಯುವ ನೀರೂ ಕಾದುಹೋಯಿತು. ತಾಯಿಗೆ ಜ್ವರ ನೆತ್ತಿಗೇರಿತು. ಹಣೆಗೆ ತಣ್ಣೀರ ಬಟ್ಟೆ ಹಾಕಬೇಕು, ತಣ್ಣೀರೆಲ್ಲಿ?

“ಕಡಲಿನ ಆಳದಲ್ಲಿ ತಂಪಿದೆ, ಒಡೆಯಾ” ಎಂದ ಅಂಬಿಗ.

ವರ್ತಕ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ತಂಪು ತುಂಬಿಕೊಂಡು ಬರಲೆಂದು ಒಂದು ಖಾಲಿ ಕೊಡಕ್ಕೆ ಉಪ್ಪುನೀರು ಸೇರದಂತೆ ಬಾಯಿ ಬಿಗಿದು, ಹಗ್ಗ ಕಟ್ಟಿ ಎಸೆದ. ಕೊಡ ನೀರ ಮೇಲೆ ಕುಣಿಯತೊಡಗಿತು. ಅಂಬಿಗ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಇನ್ನೊಂದು ಕೊಡಕ್ಕೆ ಕುಡಿಯುವ ನೀರನ್ನು ಕಂಠದವರೆಗೆ ತುಂಬಿ, ಬಾಯಿಗೆ ಮೇಣ ಮೆತ್ತಿ, ಕಲ್ಲು ಕಟ್ಟಿ, ನೂರು ಮಾರು ಇಳಿಬಿಟ್ಟ. ನಿಧಾನವಾಗಿ ಎಲೆಅಡಿಕೆ ಮೆದ್ದು ಮುಗಿಸಿ, ಮೇಲಕ್ಕೆಳೆದ. ಕೊಡ ಮುಟ್ಟಿದ ವರ್ತಕ ಥಟ್ಟನೆ ಕೈ ಹಿಂದೆಗೆದ. ಅಷ್ಟು ತಣ್ಣಗಿತ್ತು.

ಒದ್ದೆ ಬಟ್ಟೆ ಹಣೆಗೆ ಬಿದ್ದು ಗಳಿಗೆಯಾಗಿರಲಿಲ್ಲ, ಮುದುಕಿ ಕಣ್ಣು ಬಿಟ್ಟಳು. “ಗಂಜಿಗೆ ಉಪ್ಪಿನಕಾಯಿ ಇದೆಯೇನೋ?” ಎಂದು ಕೇಳಿದಳು. ಮಗನಿಗೆ ಹೋದ ಜೀವ ಬಂತು.

“ಮೇಲೆ ಇಷ್ಟು ಬೆಂಕಿ. ಕೆಳಗೆ ಈ ತಂಪನ್ನು ಯಾರಿಟ್ಟರಪ್ಪ?” ಎಂದ ಅವನು.

“ಯಾರೂ ಇಟ್ಟದ್ದಲ್ಲ, ಒಡೆಯಾ. ದೂರದ ತೆಂಕಣ ಕಡಲಲ್ಲಿ ಗಾಳಿ ಚಳಿಗೆ ನಡುಗುತ್ತ ಬರುತ್ತದೆಯಂತೆ. ಮೇಲಿನ ನೀರು ತನ್ನ ಬಿಸಿಯನ್ನೆಲ್ಲ ಅದಕ್ಕೆ ಕೊಟ್ಟುಬಿಡುತ್ತದೆ. ಕೊಟ್ಟ ನೀರು ತಣ್ಣಗಾಗಿ, ತೂಕ ಬಂದು ಆಳಕ್ಕಿಳಿಯುತ್ತದೆ. ಎಷ್ಟೋ ವರ್ಷ ಕತ್ತಲಲ್ಲಿ ನಡೆದು, ಆ ಸೀಮೆಯ ತಂಪನ್ನು ಇಲ್ಲಿಯವರೆಗೆ ಹೊತ್ತು ತರುತ್ತದೆ. ನಿಮ್ಮಮ್ಮನ ಹಣೆ ತಣಿಸಿದ್ದು ಅದೇ ನೋಡಿ.”

ಕತೆ ಮುಗಿಯಿತು. ಮರುಳಯ್ಯ ಇನ್ನೂ ಮುಖ ಬಿಗಿದುಕೊಂಡೇ ಕುಳಿತಿದ್ದ.

“ನೀರು ಕೊಟ್ಟಿತು, ಕೆಳಗಿಳಿಯಿತು. ನಾನು ಹೇಳಿದ್ದೂ ಅದನ್ನೇ ಅಲ್ಲವೇ, ಬುದ್ಧಿ?”

ಗುರುಗಳು ನಕ್ಕರು.

“ಖಾಲಿಯಾಗಿದ್ದರೆ ನೀನು ತೇಲಬೇಕಿತ್ತಲ್ಲೋ, ಮರುಳಯ್ಯ!”